ಆಯುಧಪೂಜೆಗೆ ಹಾಕಿದ ಬೀಗ

ವಿಜಯದಶಮಿಯ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು ಪಾಸ್‌ವರ್ಡ್ ಹಾಕಿದೆ. ಕಮಾಂಡ್ ಟೈಪ್ ಮಾಡುವ ಕಪ್ಪು ಪರದೆ ಬಂತು, ಬಂದಷ್ಟೇ ಬೇಗ ಮುಚ್ಚಿಕೊಂಡಿತು. ಮತ್ತೆ ತೆರೆದೆ, ಮತ್ತೆ ಮುಚ್ಚಿತು.

ಆ ಪರದೆಯ ಹಿಂದೆ ಅಪ್ಪನ ಧ್ವನಿಯಿತ್ತು. ಅಪ್ಪ ಆನಂದಪ್ಪ ಕೊಡಿಗೇಹಳ್ಳಿಯಲ್ಲಿ ಗ್ರಿಲ್ಲು, ಗೇಟು ಮಾಡುವ ಶೆಡ್ ಇಟ್ಟವರು. ಕ್ಯಾನ್ಸರ್ ಎಂದು ಡಾಕ್ಟರು ಅವರ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಆಪರೇಷನ್ನಿಗೆ ಮುಂಚೆ ಅವರನ್ನು ಕೂರಿಸಿಕೊಂಡು ಮಾತಾಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದೆ. ನೀರು ಕೊಡು, ನೋಯ್ತಿದೆ, ಯಾರಪ್ಪಾ ಅದು, ಜೊತೆಗೆ ನಮ್ಮಿಬ್ಬರ ಹೆಸರು ಹಿಡಿದು ಆಡುವ ದಿನನಿತ್ಯದ ಮಾತುಗಳು. ಒಂದೊಂದು ಮಾತನ್ನೂ ಕತ್ತರಿಸಿ ಅವರ ಫೋನಿಗೆ ಹಾಕಿದರೆ, ಒತ್ತಿದಾಗ ಅವರದೇ ಧ್ವನಿ ಮಾತಾಡುತ್ತದೆ ಎಂಬ ಆಸೆ. ನಮ್ಮ ಹಳೇ ಲ್ಯಾಪ್‌ಟಾಪನ್ನು ನಂಬುವ ಹಾಗಿಲ್ಲ. ಅದಕ್ಕೇ ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುವ ಕ್ಲೌಡ್ ಕಂಪ್ಯೂಟರಿನಲ್ಲಿ, ನಮಗೆಂದು ಕೊಟ್ಟ ಜಾಗವಾದ ಹೋಮ್ ಡೈರೆಕ್ಟರಿಯಲ್ಲಿ ಎಲ್ಲವನ್ನೂ ಕತ್ತರಿಸಿ ಇಟ್ಟಿದ್ದೆವು. ಜಾಗವಿಲ್ಲವೆಂದು ಮೊಬೈಲಿನಿಂದ ಅಳಿಸಿದ್ದೂ ಆಗಿತ್ತು.

"ಯೋಗಿ! ಇದಕ್ಕೇನೋ ಮಾಡ್ದೆ?"

ತಮ್ಮ ಯೋಗಾನಂದ ಹಲ್ಲುಜ್ಜುತ್ತಲೇ ಬಂದ. "ಏನಿಲ್ಲಕ್ಕ. ನಿನ್ನೆ ಪೂಜೆ ಆದ್ಮೇಲೆ ಯಾರೂ ಮುಟ್ಬಾರ್ದಲ್ವಾ? ಯಾರಾದ್ರೂ ಒಳಗೆ ಬಂದ್ರೆ ತಾನೇ ಆಚೆ ಹಾಕ್ಲಿ ಅಂತ ತೆರೆದ ತಕ್ಷಣ ಅದು ಓದೋ ಸ್ಟಾರ್ಟಪ್ ಫೈಲಲ್ಲಿ 'ಎಕ್ಸಿಟ್' ಅಂತ ಒಂದ್ ಲೈನ್ ಹಾಕ್ದೆ. ಇವತ್ತು ತೆಗೆದುಬಿಡೋಣ ಅಂತ."

"ಒಳಗೇ ಹೋಗದೆ ಹೆಂಗೋ ತೆಗೀತೀಯಾ?"

ಬಾಯಲ್ಲಿದ್ದ ಬ್ರಷ್ ಹಾಗೇ ನಿಂತುಬಿಟ್ಟಿತು.

ಪೂಜೆಯಾದ ಸಲಕರಣೆಗಳನ್ನು ಮರುದಿನದವರೆಗೆ ಮುಟ್ಟುವಂತಿಲ್ಲ ಎನ್ನುವುದು ಶೆಡ್ಡಿನಲ್ಲಿ ಅಪ್ಪನ ಕಟ್ಟುನಿಟ್ಟು. ಈ ಸಲ ಲ್ಯಾಪ್‌ಟಾಪಿಗೂ ಕುಂಕುಮ ಇಟ್ಟಿದ್ದರು. ಸರಿ, ಇಡಲಿ. ಆದರೆ ಬೀಗ ಹಾಕಿ ಕೀಲಿಯನ್ನು ಒಳಗೇ ಎಸೆಯುವ ಮಹಾನುಭಾವ ನಮ್ಮ ಮನೆಯಲ್ಲೇ ಹುಟ್ಟಬೇಕಿತ್ತೇ?

ಅವನು ಬಾಯಿ ತೊಳೆದು ಬಂದು ಇಂಟರ್ನೆಟ್ಟಿನಲ್ಲಿ ಹುಡುಕಾಡಿದ. "ಸಿಕ್ತಕ್ಕ! ಹೊರಗಿಂದ್ಲೇ ಈ ಕಮಾಂಡ್ ಕೊಟ್ರೆ ಸರಿಹೋಗುತ್ತಂತೆ."

ನಾನು ಬಗ್ಗಿ ಅದರ ಕೆಳಗಿನ ಸಾಲು ಓದಿದೆ. ಹೋಮ್ ಡೈರೆಕ್ಟರಿಯಲ್ಲಿರುವುದನ್ನೆಲ್ಲ ಅಳಿಸಿ ಹೊಸದು ಕೊಡುತ್ತದೆ ಎಂದಿತ್ತು. ಅವನ ಬೆರಳು ಎಂಟರ್ ಮೇಲಿತ್ತು. ಆ ಕೈ ಹಿಡಿದು ಎಳೆದೆ.

"ಅಪ್ಪನ ಬಾಯಿಗೆ ಮಣ್ಣು ಹಾಕ್ತಿದ್ಯಲ್ಲೋ! ನೀನೂ ಒಬ್ಬ ಮಗನಾ?"

ಬಾಗಿಲಲ್ಲಿ ಅಪ್ಪ ನಿಂತಿದ್ದರು. ಅವರ ತುಟಿ ಅಲುಗಿತು, ಸದ್ದು ಬರಲಿಲ್ಲ.

ಅದೇ ಪುಟವನ್ನು ನಾನು ಪೂರ್ತಿ ಓದಿದೆ. ಸ್ಟಾರ್ಟಪ್ ಫೈಲನ್ನು ಮುಟ್ಟದೆ ಒಳಹೋಗುವ ಸೇಫ್ ಮೋಡ್ ಒಂದಿತ್ತು. ಅದರಿಂದ ಹೋದೆವು. ಫೋಲ್ಡರ್ ಇತ್ತು, ಒಂದು ಮಾತೂ ಹೋಗಿರಲಿಲ್ಲ. ಯೋಗಿ ಆ ಸಾಲು ಅಳಿಸಿ, ಕತ್ತರಿಸಿದ್ದನ್ನೆಲ್ಲ ಕೂಡಲೇ ಅಪ್ಪನ ಫೋನಿಗೆ ಹಾಕಿಕೊಟ್ಟ. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ.

"ಬುದ್ಧಿ ಬೇಡ್ವೇನೋ ನಿಂಗೆ? ಇಷ್ಟುದ್ದ ಬೆಳೆದಿದೀಯ, ಒಂದ್ ಸಲ ಓದೋಕಾಗಲ್ವಾ? ಹೋಗಿದ್ರೆ ಏನೋ ಮಾಡ್ತಿದ್ದೆ, ಹೇಳೋ—"

"ಶಶಿ, ಸಾಕು ಬಿಡಮ್ಮ."

ಮನೆಯಲ್ಲಿ ಮತ್ತೆ ಕೇಳುವುದೇ ಇಲ್ಲವೆಂದುಕೊಂಡಿದ್ದ ಧ್ವನಿ ಬೆನ್ನ ಹಿಂದಿನಿಂದ ಬಂದಿತ್ತು. ತಿರುಗಿದೆ. ಅಪ್ಪ ಫೋನನ್ನು ಎದೆಗೆ ಹಿಡಿದು ನಿಂತಿದ್ದರು, ಬಾಯಿ ಮುಚ್ಚಿತ್ತು. ನೀರು ಕೇಳಿರಲಿಲ್ಲ, ನೋವು ಹೇಳಿರಲಿಲ್ಲ. ಇಷ್ಟೊಂದು ಮಾತುಗಳಲ್ಲಿ ಹುಡುಕಿ ಮಗನ ಪರವಾಗಿ ಮೊದಲು ಆರಿಸಿಕೊಂಡದ್ದು ಇದನ್ನು.

ಯೋಗಿ ಬಿಕ್ಕಿ ಬಿಕ್ಕಿ ಅಳತೊಡಗಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಮತ್ತೆ ಅದನ್ನೇ ಒತ್ತಿದರು.