ಕೈ ಎತ್ತಿ ಮಾತಾಡಿದ ಕೆಂಡಮ್ಮ

ಕಾಲುವೆಯ ಕೊನೆಯ ಹೊಲಕ್ಕೆ ಮತ್ತೆ ನೀರು ಬಂದಿರಲಿಲ್ಲ. ಎಲೆಕೋಸಿನ ಗಿಡಗಳು ಬೈಸಿಕೊಂಡ ಮಕ್ಕಳ ಹಾಗೆ ತಲೆ ಇಳಿಬಿಟ್ಟು ನಿಂತಿದ್ದವು. ಬದುವಿನ ಮೇಲೆ ಗುದ್ದಲಿ ಹಿಡಿದು ನಿಂತ ಹೆಂಗಸಿನ ಮುಖ ಮಾತ್ರ ಬಾಡಿರಲಿಲ್ಲ, ಕೆಂಪಗೆ ಉರಿಯುತ್ತಿತ್ತು. ಊರವರು ಅವಳಿಗಿಟ್ಟ ಹೆಸರು ಕೆಂಡಮ್ಮ. ಹೆಸರಿಟ್ಟವರಲ್ಲಿ ಅರ್ಧ ಜನ ಅವಳ ಬಾಯಿಗೆ ಸಿಕ್ಕಿ ಬೆಂದವರೇ.

"ಇವತ್ತು ನಮ್ಮ ಸರದಿ! ಕಾಲುವೆ ಏನು ಆ ಮೀಸೆಯವನ ಅಪ್ಪನ ಮನೆ ಆಸ್ತೀನಾ?"

ಪಕ್ಕದ ಹೊಲದಲ್ಲಿ ಬೀನ್ಸ್ ಬೆಳೆಯುವ ಅಜ್ಜ ತಲೆ ಎತ್ತದೆ ಹೇಳಿದ: "ನನ್ನ ಕಿವೀಲಿ ಕೂಗಿದ್ರೆ ನೀರು ಬರುತ್ತಾ ತಾಯಿ? ಅವನ ಕಿವೀಲಿ ಕೂಗು."

ಕೂಗಲು ಹೋದಳು. ಕಾಲುವೆ ಶುರುವಾಗುವ ಕಡೆ ಮೀಸೆ ಯಜಮಾನನ ಹೊಲ. ಅಲ್ಲಿ ಕಪ್ಪೆ ಈಜು ಕಲಿಯುವಷ್ಟು ನೀರು ನಿಂತಿತ್ತು. ಕೆಂಡಮ್ಮ ಅವನ ಮನೆ ಗೇಟಿನ ಹೊರಗೆ ನಿಂತು ಅವನ ಜನ್ಮ ಜಾಲಾಡಿಬಿಟ್ಟಳು. ಅವನು ವರಾಂಡದಲ್ಲಿ ಕೂತು ಪೇಪರ್ ಓದಿ ಮುಗಿಸಿದ. ನಿಧಾನವಾಗಿ ಮಡಚಿಟ್ಟ.

"ಆಯ್ತಾ? ಗಂಟಲು ಒಣಗಿರ್ಬೇಕು. ಒಂದು ಲೋಟ ನೀರು ಕೊಡಿಸ್ಲಾ?" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಕೆಂಡಮ್ಮ ಗುದ್ದಲಿ ಬೀಸುತ್ತ ಮನೆಗೆ ಬಂದಳು. ಗಂಡ ಪಂಪ್‌ಸೆಟ್ ರಿಪೇರಿಯವನು. ಅಂಗಳದಲ್ಲಿ ಮೋಟರೊಂದನ್ನು ಬಿಚ್ಚಿ ಹರಡಿಕೊಂಡು ಕೂತಿದ್ದವನು ಹೆಂಡತಿಯ ಮುಖ ನೋಡಿದವನೇ ಸ್ಪ್ಯಾನರ್‌ಗಳನ್ನೆಲ್ಲ ಹತ್ತಿರಕ್ಕೆಳೆದುಕೊಂಡ.

"ಎಲ್ಲಿ ನಿನ್ನ ಮಗಳು? ಕರಿ ಅವಳನ್ನ. ಇಬ್ಬರೂ ಹೋಗಿ ಅವನ ಹೊಲಕ್ಕೆ ನೀರು ಬಿಡೋ ತೂಬು ಕಿತ್ತು ಬಿಸಾಕಿ ಬರ್ತೀವಿ."

ಮಗಳಿಗೆ ಶಾಲೆಯಲ್ಲಿ ಬಿದ್ದ ಹೆಸರು ಪಟಾಕಿ. ಕೆಂಡದ ಹೊಟ್ಟೆಯಲ್ಲಿ ಮಂಜುಗಡ್ಡೆ ಹುಟ್ಟುತ್ತದೆಯೇ? ಹೋದ ವರ್ಷದವರೆಗೂ ತಾಯಿ ಒಂದು ಮಾತು ಅಂದರೆ ಮಗಳು ಎರಡು ಸೇರಿಸುತ್ತಿದ್ದಳು. ಸಸಿ ಮಾರುವ ನರ್ಸರಿಯಲ್ಲಿ ಸಿಕ್ಕ ಕೆಲಸವನ್ನು ಒಂದೇ ವಾರಕ್ಕೆ ಬಿಟ್ಟು ಬಂದಿದ್ದಳು. ಕೂಲಿ ಹೆಂಗಸರನ್ನು ಮಾಲೀಕ ಕೀಳಾಗಿ ಬೈದನೆಂದು ಅವನ ಮೇಲೆ ನೀರಿನ ಕ್ಯಾನ್ ಸುರಿದಿದ್ದಳು. ಆಮೇಲೆ ಯಾರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ. ಬೈದವನು ಮಾತ್ರ ಹಾಯಾಗಿದ್ದ. ಅದಾದ ಮೇಲೆಯೇ ಅವಳು ಯುವ ರೈತರ ಸಂಘಕ್ಕೆ ಸೇರಿದ್ದು.

ಪಟಾಕಿ ಒಳಗಿಂದ ಬಂದು ತಣ್ಣಗೆ ಹೇಳಿದಳು: "ತೂಬು ಕೀಳೋದು ಬೇಡಮ್ಮ. ಶನಿವಾರ ಸಂಘದಿಂದ ಸಭೆ ಕರೆದಿದ್ದೀವಿ. ಕಾಲುವೆ ಮೇಲಿನವರು, ಕೆಳಗಿನವರು, ಎಲ್ಲರೂ ಬರ್ತಾರೆ."

"ಸಭೆನಾ?" ಕೆಂಡಮ್ಮನ ಕಣ್ಣು ಕೆಂಪಾಯಿತು. "ನನ್ನ ಬೆಳೆ ಸಾಯ್ತಿದೆ, ಇವಳು ಸಭೆ ಮಾಡ್ತಾಳಂತೆ! ನಿನ್ನ ನಾಲಿಗೆ ಎಲ್ಲೇ ಹೋಯ್ತು? ಸಂಘದವರು ಅಡ ಇಟ್ಕೊಂಡ್ರಾ?"

"ಮೋಟರ್ ಬಿಸಿಯಾದ್ರೆ ಸುಟ್ಟುಹೋಗುತ್ತೆ ಕಣೇ," ಎಂದ ಗಂಡ.

"ನೀನು ಸುಮ್ನಿರು!"

ಗಂಡ ಮತ್ತೆ ಸ್ಪ್ಯಾನರ್ ಕೈಗೆತ್ತಿಕೊಂಡ.

ಮರುದಿನ ಕೆಂಡಮ್ಮ ನೇರ ಸಂಘದ ಕೋಣೆಗೇ ನುಗ್ಗಿದಳು. ಹಳೆಯ ಗೊಬ್ಬರದ ಗೋದಾಮಿನ ಹಿಂದಿನ ಕೋಣೆ ಅದು. ಹರಿದ ಚಾಪೆ, ಒಂದು ಕರಿಹಲಗೆ, ಗೋಡೆಗೆ ಒರಗಿಸಿದ ಸ್ಪ್ರೇ ಪಂಪುಗಳು. ಹುಡುಗ ಹುಡುಗಿಯರು ಸುತ್ತ ಕೂತಿದ್ದರು. ಒಬ್ಬ ಹುಡುಗ ಎದ್ದು ನಿಂತು ಟ್ರೇಗಳಲ್ಲಿ ಸಸಿ ಬೆಳೆಸುವುದನ್ನು ವಿವರಿಸುತ್ತಿದ್ದ, ಉಳಿದವರು ತಪ್ಪು ಹಿಡಿಯುತ್ತಿದ್ದರು. ಕೃಷಿ ಇಲಾಖೆಯಿಂದ ಬರುವ ಮೇಡಂ ಮೂಲೆಯಲ್ಲಿ ಕೂತು ಕೇಳುತ್ತಿದ್ದಳು.

"ಮೇಡಂ, ನನ್ನ ಮಗಳ ಹೆಸರು ಹೊಡೆದುಹಾಕಿ. ಹುಲಿ ಹಾಗಿದ್ದವಳನ್ನ ಇಲಿ ಮಾಡಿಬಿಟ್ಟಿದ್ದೀರಿ."

ಮೇಡಂ ಎದ್ದು ಬಂದಳು. "ಕೂತ್ಕೊಳ್ಳಿ ಅಕ್ಕ. ನಿನ್ನೆ ನೀವು ಮೀಸೆಯವರ ಮನೆ ಮುಂದೆ ಕೂಗಿದ್ರಂತೆ. ನೀರು ಬಂತಾ?"

"ನೀರು ಬಂದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ?"

"ನಿಮ್ಮ ಸಿಟ್ಟು ನ್ಯಾಯವಾದದ್ದೇ. ನಂಗೂ ಸಿಟ್ಟು ಬರುತ್ತೆ. ಆದ್ರೆ ಕೂಗೋರು ದಿನಾ ಕೂಗಿದ್ರೆ ಕೇಳೋರಿಗೆ ಅದು ಅಭ್ಯಾಸ ಆಗಿಹೋಗುತ್ತೆ. ಇಲ್ಲಿ ಬರೀ ಬೆಳೆ ವಿಷಯ ಕಲಿಸಲ್ಲ. ಸಭೆ ನಡೆಸೋದು, ಎದುರಿನವರ ಮಾತು ಪೂರ್ತಿ ಕೇಳೋದು, ಹತ್ತು ಜನರನ್ನ ಒಂದು ಕೆಲಸಕ್ಕೆ ಹಚ್ಚೋದು, ಒಪ್ಪಿಕೊಂಡದ್ದನ್ನ ಮಾಡಿಸೋದು. ಸರದಿ ಮೇಲೆ ಎಲ್ಲರೂ ಅಧ್ಯಕ್ಷರಾಗ್ತಾರೆ. ನಾಳೆ ಕೆಲಸ ಕೊಡೋರೂ ಇದನ್ನೇ ನೋಡ್ತಾರೆ, ನಾಳೆ ಊರು ನಡೆಸೋಕೂ ಇದೇ ಬೇಕು."

"ಮಾತಿನ ಮಂಟಪ ಕಟ್ಟಬೇಡಿ."

"ಸರಿ. ಶನಿವಾರ ಬಂದು ನೋಡಿ. ಆಮೇಲೂ ಬೇಡ ಅಂದ್ರೆ ಹೆಸರು ನಾನೇ ಹೊಡೀತೀನಿ."

ಶನಿವಾರ ಶಾಲೆಯ ಹಾಲ್ ತುಂಬಿತ್ತು. ಮೇಲಿನ ಹೊಲದವರು ಕಿಟಕಿ ಪಕ್ಕ, ಕೆಳಗಿನವರು ಬಾಗಿಲ ಪಕ್ಕ, ನಡುವೆ ಗಡಿ ಎಳೆದ ಹಾಗೆ ಖಾಲಿ ಜಾಗ. ಮುಂದೆ ಮೇಜಿನ ಹಿಂದೆ ಅಂದಿನ ಅಧ್ಯಕ್ಷೆ ಪಟಾಕಿ. ಅವಳ ಪಕ್ಕದಲ್ಲಿ ಮೀಸೆ ಯಜಮಾನನ ಮಗ. ಅವನೂ ಸಂಘದವನೇ. ಶತ್ರುವಿನ ಮಗನ ಪಕ್ಕ ತನ್ನ ಮಗಳು ಕೂತಿದ್ದನ್ನು ನೋಡಿಯೇ ಕೆಂಡಮ್ಮನ ಪಿತ್ತ ನೆತ್ತಿಗೇರಿತು.

ಮೀಸೆ ಯಜಮಾನ ಎದ್ದು, "ನಾವು ಬೇಕಾದಷ್ಟೇ ನೀರು ತಗೋತೀವಿ" ಎಂದು ಶುರು ಮಾಡಿದ.

"ಸುಳ್ಳು!" ಕೆಂಡಮ್ಮ ನೆಗೆದು ನಿಂತಳು. "ಸುಳ್ಳಿನ ಮೂಟೆ!"

"ಕೈ ಎತ್ತಮ್ಮ," ಎಂದಳು ಮಗಳು. "ಅವರದ್ದು ಮುಗಿದ ಮೇಲೆ ನಿನ್ನ ಸರದಿ."

ಹಾಲ್ ಗೊಳ್ಳೆಂದಿತು. ಕೆಂಡಮ್ಮ ಕುಕ್ಕರಿಸಿ ಕೂತಳು. ಹೆತ್ತ ಮಗಳು! ಇಷ್ಟು ಜನರ ಮುಂದೆ!

ಪಟಾಕಿ ಎದ್ದಳು. ಸಂಘದವರು ಕಾಲುವೆಯ ಉದ್ದಕ್ಕೂ ನಡೆದು ನೋಡಿದ್ದನ್ನು ಹೇಳತೊಡಗಿದಳು. ನಡುವೆ ಹೂಳು ತುಂಬಿದೆ. ಮೀಸೆಯವರ ಹೊಲದ ತೂಬು ಪೂರ್ತಿ ಮುಚ್ಚುವುದಿಲ್ಲ, ಬೇರೆಯವರ ಸರದಿಯಲ್ಲೂ ನೀರು ಅಲ್ಲಿಗೇ ಹರಿಯುತ್ತದೆ.

ಮೀಸೆ ಯಜಮಾನ ಟವೆಲ್ ಕೊಡವಿ ಎದ್ದ. "ನಮ್ಮ ತಪ್ಪು ಎಣಿಸೋಕೆ ಕರೆಸಿದ್ರಾ? ನಿಮ್ಮಮ್ಮನ ಕಡೆಯವಳು ತಾನೇ ನೀನು. ನಾನು ಹೊರಟೆ."

"ಕೂತ್ಕೊಳ್ಳಿ ಯಜಮಾನ್ರೇ, ಇನ್ನೂ ಮುಗಿದಿಲ್ಲ," ಎಂದಳು ಪಟಾಕಿ. ಅವಳು ಒಂದು ಸಲ ತಾಯಿಯ ಕಡೆ ನೋಡಿದಳು. "ಕೊನೆಯ ಹೊಲ ನಮ್ಮದು. ಅಲ್ಲೂ ನೀರು ಹಾಳಾಗ್ತಿದೆ. ನೀರು ಬಂದಾಗ ಸರದಿ ಮುಗಿದ್ರೂ ನಮ್ಮಮ್ಮ ನಿಲ್ಲಿಸಲ್ಲ. ಮತ್ತೆ ಬರುತ್ತೋ ಇಲ್ವೋ ಅಂತ ಭಯ. ನೀರು ಹೊಲ ತುಂಬಿ ರಸ್ತೆಗೆ ಹರಿಯುತ್ತೆ, ಪಕ್ಕದಲ್ಲಿ ಅಜ್ಜನ ಬೀನ್ಸ್ ಒಣಗುತ್ತೆ. ಅದನ್ನೂ ನಾವು ನೋಡಿದ್ದೀವಿ."

ಹಾಲ್‌ನಲ್ಲಿ ಎಲ್ಲರ ತಲೆಯೂ ಅವಳ ತಾಯಿಯ ಕಡೆ ತಿರುಗಿತು. ಕೆಂಡಮ್ಮನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಮನೆಗೆ ಬಾ ನೀನು, ಎಂದುಕೊಂಡಳು. ಆದರೆ ಪಕ್ಕದಲ್ಲಿ ಕೂತಿದ್ದ ಬೀನ್ಸ್ ಅಜ್ಜ ನೆಲ ನೋಡುತ್ತಿದ್ದ. ಇಷ್ಟು ದಿನ ಅವನು ಒಂದು ಮಾತೂ ಆಡಿರಲಿಲ್ಲ. ಯಾಕೆ ಆಡಲಿಲ್ಲ? ಅವಳ ಬಾಯಿಗೆ ಹೆದರಿ. ಮೀಸೆಯವನ ಮುಂದೆ ತಾನು ಹೇಗೋ, ತನ್ನ ಮುಂದೆ ಈ ಮುದುಕ ಹಾಗೆ. ಆ ಯೋಚನೆ ಅವಳಿಗೆ ಮಗಳ ಮಾತಿಗಿಂತ ಹೆಚ್ಚು ಉರಿಯಿತು.

ಮೀಸೆ ಯಜಮಾನ ನಿಂತೇ ಇದ್ದ. ಸ್ವಂತ ತಾಯಿಯ ತಪ್ಪನ್ನೇ ಹೇಳಿದವಳ ಮೇಲೆ ಪಕ್ಷಪಾತದ ಗೂಬೆ ಕೂರಿಸುವುದು ಹೇಗೆ? ನಿಧಾನವಾಗಿ ಕೂತ.

ಆಗ ಅವನ ಮಗ ಎದ್ದ. "ಅಪ್ಪ, ನಮ್ಮ ತೂಬಿನ ಸ್ಕ್ರೂ ತುಕ್ಕು ಹಿಡಿದು ಎಷ್ಟು ದಿನ ಆಯ್ತು? ನಿಮಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು," ಎಂದ ಮೀಸೆ ಯಜಮಾನ. "ನನಗೇನೂ ನಷ್ಟ ಇರ್ಲಿಲ್ವಲ್ಲ."

ಬಾಗಿಲ ಪಕ್ಕದವರೆಲ್ಲ ಒಟ್ಟಿಗೆ ಎದ್ದರು. ಯಾರೋ ಕುರ್ಚಿ ತಳ್ಳಿದರು. ಪಟಾಕಿ ಮೇಜು ತಟ್ಟಿ, "ಒಬ್ಬೊಬ್ಬರೇ! ಕೈ ಎತ್ತಿ!" ಎಂದಳು. ಗಲಾಟೆಯ ನಡುವೆ ಒಂದು ಕೈ ಮೇಲಕ್ಕೆದ್ದಿತು. ಕೆಂಡಮ್ಮನದು.

ಅದನ್ನು ನೋಡಿದವರು ಬೆರಗಾಗಿ ತಾವೇ ಕೂತರು.

"ನಿಮಗೆ ನಷ್ಟ ಇರ್ಲಿಲ್ಲ," ಎಂದಳು ಕೆಂಡಮ್ಮ. ಅವಳು ಕೂಗಲಿಲ್ಲ. ಹಲ್ಲು ಕಚ್ಚಿ ಒಂದೊಂದೇ ಮಾತು ಆಡಿದಳು. "ನನಗಿತ್ತು. ನನ್ನ ಗಿಡ ಒಣಗೋದು ನಿಮ್ಮ ವರಾಂಡಕ್ಕೆ ಕಾಣಲ್ಲ. ನೀರು ಕೇಳೋಕೆ ಬಂದ್ರೆ ನೀವು ಲೋಟದ ಮಾತಾಡಿ ನಕ್ರಿ. ಅಜ್ಜನ ಬೀನ್ಸ್ ಒಣಗಿಸಿದ್ದು ನಾನು. ಅದು ನನ್ನ ತಪ್ಪು, ಒಪ್ಕೋತೀನಿ. ಇನ್ಮೇಲೆ ಸರದಿ ಮುಗಿದ ಕೂಡ್ಲೇ ನೀರು ನಿಲ್ಲಿಸ್ತೀನಿ. ಈಗ ನೀವು ಹೇಳಿ. ಆ ತೂಬು ಯಾವತ್ತು ರಿಪೇರಿ? ದಿನ ಹೇಳಿ. ಎಲ್ಲರ ಮುಂದೆ ಹೇಳಿ."

ಎಲ್ಲರ ಕಣ್ಣೂ ಮೀಸೆ ಯಜಮಾನನ ಮೇಲೆ. ಈ ಸಲ ಹಾಕಿಕೊಳ್ಳಲು ಬಾಗಿಲಿರಲಿಲ್ಲ.

"ಸೋಮವಾರ," ಎಂದ.

"ನಾನು ಮಾಡಿಕೊಡ್ತೀನಿ," ಎಂದು ಹಿಂದಿನಿಂದ ಕೆಂಡಮ್ಮನ ಗಂಡ ಕೂಗಿದ. ಅಂದು ಅವನಿಗೆ ಯಾರೂ ಸುಮ್ಮನಿರು ಎನ್ನಲಿಲ್ಲ.

ತೂಬು ರಿಪೇರಿಯಾಯಿತು. ಹೂಳನ್ನು ಎರಡೂ ಕಡೆಯವರು ಸೇರಿ ತೆಗೆದರು. ಹಾಗಂತ ಮೀಸೆ ಯಜಮಾನ ರಾತ್ರೋರಾತ್ರಿ ದೇವರಾಗಲಿಲ್ಲ. ಸರದಿ ಮುರಿದ, ಮತ್ತೆ ಮುರಿದ. ಪ್ರತಿ ಸಲವೂ ಸಂಘದ ಹುಡುಗರು ಒಟ್ಟಾಗಿ ಅವನ ಮನೆಗೆ ಹೋದರು. ಅವರಲ್ಲಿ ಅವನ ಮಗನೂ ಇದ್ದ. ಕೊನೆಗೆ ಅವನಿಗೇ ಸಾಕಾಯಿತು. ಎಲೆಕೋಸಿನ ಅರ್ಧ ಬೆಳೆ ಹೋಗಿತ್ತು, ಉಳಿದರ್ಧ ಗಟ್ಟಿಯಾಯಿತು. ಅಜ್ಜನ ಬೀನ್ಸ್ ಚಿಗುರಿತು.

ನೀರು ಬಳಕೆದಾರರ ಸೊಸೈಟಿಯವರು ಸರದಿ ನೋಡಿಕೊಳ್ಳುವ ಸಂಬಳದ ಕೆಲಸಕ್ಕೆ ಪಟಾಕಿಯನ್ನು ಕರೆದರು. "ಮೇಲಿನವರೂ ಕೆಳಗಿನವರೂ ಒಪ್ಪಿದ ಹೆಸರು ನಿನ್ನದೊಂದೇ," ಎಂದರು. ಮೀಸೆಯವರ ಮಗ ಸಂಘದಲ್ಲಿ ಕಲಿತದ್ದರಿಂದಲೇ ಯಂತ್ರ ಬಾಡಿಗೆ ಕೇಂದ್ರದಲ್ಲಿ ಮೇಲ್ವಿಚಾರಕನಾದ.

ಸಂಘದಿಂದ ಮಗಳ ಹೆಸರು ಹೊಡೆಸುವ ಮಾತನ್ನು ಕೆಂಡಮ್ಮ ಮತ್ತೆ ಎತ್ತಲಿಲ್ಲ. ಕೋಪವೇನೂ ಹೋಗಿಲ್ಲ. ಈಗಲೂ ದಾರಿಯಲ್ಲಿ ಸಿಕ್ಕವರನ್ನು ತಡೆದು ಬೈಯುತ್ತಾಳೆ: "ನಿನ್ನ ಮಗಳನ್ನ ಯಾಕೆ ಇನ್ನೂ ಸಂಘಕ್ಕೆ ಕಳಿಸಿಲ್ಲ? ಮನೇಲಿ ಕೂರಿಸಿ ಉಪ್ಪಿನಕಾಯಿ ಹಾಕ್ತೀಯಾ?"

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಸಿಟ್ಟು ನಿಮಗೂ ಇದೆ. ನೀರಿಲ್ಲದ್ದಕ್ಕೆ, ಬೆಲೆ ಸಿಗದ್ದಕ್ಕೆ, ಕಚೇರಿಯಲ್ಲಿ ಕಾಯಿಸಿದ್ದಕ್ಕೆ. ಇರಲೇಬೇಕು. ಆದರೆ ಅದನ್ನು ಬೇಲಿ ಮೇಲೆ, ಹೆಂಡತಿ ಮಕ್ಕಳ ಮೇಲೆ, ದನದ ಮೇಲೆ ತೀರಿಸಿ ಎಷ್ಟು ವರ್ಷ ಕಳೆಯುತ್ತೀರಿ? ನಿಮ್ಮ ಊರಿನಲ್ಲಿ ಯುವ ರೈತರ ಸಂಘವಿದ್ದರೆ ಈ ವಾರವೇ ಮಕ್ಕಳನ್ನು ಸೇರಿಸಿ, ಹೆಣ್ಣುಮಕ್ಕಳನ್ನೂ ಸೇರಿಸಿ. ಇಲ್ಲದಿದ್ದರೆ ಹತ್ತಿರದ ಕೃಷಿ ಕಚೇರಿಗೆ ನಾಲ್ಕು ಜನ ಒಟ್ಟಾಗಿ ಹೋಗಿ, ಯಾಕಿಲ್ಲ ಎಂದು ಕೇಳಿ, ಉತ್ತರ ಸಿಗುವವರೆಗೂ ಅಲ್ಲಿಂದ ಏಳಬೇಡಿ. ನಿಮ್ಮ ಹೊಲದ ತೀರ್ಮಾನವನ್ನು ಯಾರೋ ಎಲ್ಲೋ ಮೇಜಿನ ಸುತ್ತ ಕೂತು ಮಾಡುತ್ತಲೇ ಇರುತ್ತಾರೆ. ಆ ಮೇಜಿನ ಹಿಂದೆ ನಿಮ್ಮ ಮಗಳು ಕೂರಲಿ.