ಪಕ್ಕದ ಸೀಟಿನ ಕೈ

ನಮ್ಮ ಡ್ರೈವಿಂಗ್ ಸ್ಕೂಲು ನಡೆಯುವುದೇ ನನ್ನ ಗಂಡನ ಬಲಗೈಯ ಮೇಲೆ. ಕಾರು ಹಳೆಯದು, ಬೋರ್ಡಿನ ಬಣ್ಣ ಹೋಗಿದೆ. ಆದರೂ ಜನ ಮೇಷ್ಟ್ರು ಮೇಷ್ಟ್ರು ಅಂತ ಹುಡುಕಿಕೊಂಡು ಬರುತ್ತಾರೆ. ಕಲಿಯುವವರು ಸ್ಟೀರಿಂಗ್ ಹಿಡಿದು ಬೆವರುತ್ತಿರುವಾಗ ಪಕ್ಕದ ಸೀಟಿನಿಂದ ಇವರ ಎರಡು ಬೆರಳು ಅದರ ಕೆಳಗೆ ಹೋಗಿ ಕೂತಿರುತ್ತವೆ. ಅದು ಅವರಿಗೆ ತಿಳಿಯುವುದೇ ಇಲ್ಲ. ತಾವೇ ಓಡಿಸಿದೆವು ಅಂದುಕೊಂಡು ಮನೆಗೆ ಹೋಗಿ ಜಂಬ ಕೊಚ್ಚಿಕೊಳ್ಳುತ್ತಾರೆ.

ಮೇಷ್ಟ್ರದು ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಅಪಾಯ ಕಂಡರೆ ಅವರು ‘ಬಿಡು’ ಅನ್ನುತ್ತಾರೆ. ಅಂದ ತಕ್ಷಣ ಕಲಿಯುವವರು ಎರಡೂ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಒಂದೇ ಸ್ಟೀರಿಂಗನ್ನು ಇಬ್ಬರು ಜಗ್ಗಾಡಿದರೆ ಇಬ್ಬರ ಕಥೆಯೂ ಮುಗಿದಂತೆ ಅನ್ನುವುದು ಅವರ ವಾದ. ನಿಂತ ಕಾರಿನಲ್ಲೇ ಇದನ್ನು ಮೊದಲು ಅಭ್ಯಾಸ ಮಾಡಿಸುತ್ತಾರೆ. ನಮ್ಮ ಮಗಳು ಪುಟ್ಟಿಗೂ ಮಾಡಿಸಿದ್ದರು.

ಆ ಬಲಗೈಯನ್ನೇ ಅವರು ಕಳೆದ ವಾರ ಆಫೀಸಿನ ಶೆಟರ್ ಎಳೆಯುವಾಗ ಕೊಯ್ದುಕೊಂಡರು. ತಗಡಿನ ಅಂಚು ಅಂಗೈಯಲ್ಲಿ ಆಳಕ್ಕೆ ಇಳಿದಿತ್ತು. ಡಾಕ್ಟರು ಹೊಲಿಗೆ ಹಾಕಿ, ಬೆರಳುಗಳನ್ನು ಒಂದೊಂದಾಗಿ ಸೂಜಿಯಿಂದ ಮುಟ್ಟುತ್ತಾ ಕೇಳಿದರು.

“ಗೊತ್ತಾಗ್ತಿದೆಯಾ?”

“ಗೊತ್ತಾಗ್ತಿದೆ.”

ನಾನು ಇವರ ಮುಖವನ್ನೇ ನೋಡುತ್ತಿದ್ದೆ. ಇವರು ಸೂಜಿಯ ಮೇಲೆ ಕಣ್ಣಿಟ್ಟುಕೊಂಡು, ಅದು ಬೆರಳಿಗೆ ತಾಗುವುದನ್ನು ನೋಡಿ ಉತ್ತರ ಕೊಡುತ್ತಿದ್ದರು.

“ಏನು ಕೆಲಸ ಮಾಡ್ತೀರಿ?” ಡಾಕ್ಟರು ಕೇಳಿದರು.

“ಪಾಠ ಹೇಳಿಕೊಡ್ತೀನಿ.”

“ಹಾಗಿದ್ರೆ ಪರವಾಗಿಲ್ಲ. ಗಾಡಿ ಮಾತ್ರ ಓಡಿಸಬೇಡಿ. ಕೈಯಲ್ಲಿ ಹಿಡಿತ ಇಲ್ದೆ ಓಡಿಸೋದು ಅಪಾಯ, ಕಾನೂನಿಗೂ ಒಪ್ಪಲ್ಲ. ಏನಾದ್ರೂ ಆದ್ರೆ ಕೇಸು ನಿಮ್ಮ ತಲೆಗೇ ಸುತ್ತಿಕೊಳ್ಳುತ್ತೆ. ಇನ್ಶೂರೆನ್ಸ್‌ನವರೂ ಕೈ ತೊಳ್ಕೊಂಡುಬಿಡ್ತಾರೆ.”

ಹೊರಗೆ ಬಂದ ಮೇಲೆ ನನಗೆ ಸಿಟ್ಟು ನೆತ್ತಿಗೇರಿತು. “ಅದು ಎಂಥಾ ಪಾಠ ಅಂತ ಯಾಕ್ರೀ ಹೇಳಲಿಲ್ಲ?”

“ಸುಳ್ಳೇನು ಹೇಳಿದ್ನೇ? ಓಡಿಸೋರು ಅವರು. ನಾನು ಬರೀ ಪಕ್ಕದಲ್ಲಿ ಕೂತಿರ್ತೀನಿ.”

ಆ ಮಾತು ಅವರಿಗೇ ಬಹಳ ಹಿಡಿಸಿಬಿಟ್ಟಿತು. ಕೈ ಏನಾಯಿತು ಎಂದು ಕೇಳಿದ ಅಕ್ಕಪಕ್ಕದವರಿಗೆಲ್ಲ ಅದನ್ನೇ ಹೇಳಿದರು. ಆದರೂ ನನ್ನ ಬಾಯಿಗೆ ಹೆದರಿ ಉಳಿದವರ ಪಾಠಗಳನ್ನು ಮುಂದಕ್ಕೆ ಹಾಕಿದರು. ಪುಟ್ಟಿಯದನ್ನು ಹಾಕಲಿಲ್ಲ. ಅವಳಿಗೆ ಆ ವಾರದ ಕೊನೆಗೇ ಲೈಸೆನ್ಸ್ ಟೆಸ್ಟ್ ಇತ್ತು. ಓಡಾಡಲಾಗದ ರೋಗಿಗಳ ಮನೆಗೇ ಹೋಗಿ ನೋಡಿಕೊಳ್ಳುವ ನರ್ಸ್ ಕೆಲಸ ಅವಳಿಗೆ ಸಿಕ್ಕಿತ್ತು. ಲೈಸೆನ್ಸ್ ಇಲ್ಲದಿದ್ದರೆ ಆ ಕೆಲಸವೂ ಇಲ್ಲ.

ಟೆಸ್ಟಿನ ಹಿಂದಿನ ದಿನ ಬೆಳಿಗ್ಗೆ ನಾನು ಕಾಫಿ ಕಾಯಿಸಿ ಸ್ಟೀಲ್ ಲೋಟಕ್ಕೆ ಬಗ್ಗಿಸಿಟ್ಟೆ. ಇವರು ಅದನ್ನು ಬ್ಯಾಂಡೇಜಿನಿಂದ ಹೊರಗಿದ್ದ ಬೆರಳುಗಳಲ್ಲಿ ಎತ್ತಿಕೊಂಡು ಮಗಳಿಗೆ ಏನೋ ಹೇಳುತ್ತಾ ನಿಂತರು. ಅವಳು ಚಪ್ಪಲಿ ಮೆಟ್ಟಿಕೊಂಡು ಆಚೆ ಹೋದ ಮೇಲೂ ಲೋಟ ಕೈಯಲ್ಲೇ ಇತ್ತು.

“ರೀ, ಸುಡ್ತಿಲ್ವಾ?”

ಅವರು ತಲೆ ಬಗ್ಗಿಸಿ ಕೈ ನೋಡಿಕೊಂಡರು. ಆಮೇಲೆ ನಿಧಾನವಾಗಿ ಲೋಟವನ್ನು ಕೆಳಗಿಟ್ಟರು. “ಅಷ್ಟೇನೂ ಬಿಸಿ ಇಲ್ಲ ಕಣೆ.”

ನಾನು ಮುಟ್ಟಿ ನೋಡಿದೆ. ಕೈ ಚುರ್ ಅಂದಿತು. ಅವರ ಬೆರಳ ತುದಿಯಲ್ಲಿ ಬೊಬ್ಬೆ ಏಳುತ್ತಿತ್ತು.

“ನಾನು ಪುಟ್ಟಿಗೆ ಹೇಳ್ತೀನಿ.”

“ಹೇಳು. ಹೆದರಿಕೊಳ್ಳಲಿ. ನಾಳೆ ಟೆಸ್ಟ್‌ನಲ್ಲಿ ಫೇಲಾಗಲಿ. ಅದೇ ತಾನೆ ನಿನಗೆ ಬೇಕಾಗಿರೋದು?”

ಇನ್ನೊಬ್ಬರ ಬಾಯಿ ಮುಚ್ಚಿಸುವುದರಲ್ಲಿ ಈ ಮನುಷ್ಯನಿಗೆ ಸಾಟಿಯಿಲ್ಲ. ನಾನೂ ಬರುತ್ತೇನೆ ಎಂದು ಹೋಗಿ ಹಿಂದಿನ ಸೀಟಿನಲ್ಲಿ ಕೂತೆ. ಅಲ್ಲಿ ಕೂತು ಏನು ಮಾಡುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ.

ಪುಟ್ಟಿ ಚೆನ್ನಾಗಿಯೇ ಓಡಿಸಿದಳು. ಗೋದಾಮುಗಳ ಉದ್ದನೆಯ ಗೋಡೆಯ ಪಕ್ಕದ ರಸ್ತೆಗೆ ತಿರುಗುವಾಗ ಕೇಳಿದಳು, “ಅಪ್ಪ, ಹಿಡ್ಕೊಂಡಿದೀಯ ತಾನೆ?”

“ಹಿಡ್ಕೊಂಡಿದೀನಿ. ನೀನು ಮುಂದೆ ನೋಡು.”

ನಾನು ಹಿಂದಿನಿಂದ ಇಣುಕಿದೆ. ಸ್ಟೀರಿಂಗ್ ತಿರುಗಿದಾಗ ಅವರ ಬೆರಳುಗಳು ಅದರಿಂದ ಜಾರಿ ಹೊರಗೆ ಬಂದಿದ್ದವು. ಏನನ್ನೂ ಮುಟ್ಟದೆ ಗಾಳಿಯಲ್ಲಿ ಮಡಿಚಿಕೊಂಡು ನಿಂತಿದ್ದವು. ಅವರಿಗೆ ಅದರ ಅರಿವೇ ಇರಲಿಲ್ಲ. ಅವರ ಕಣ್ಣು ರಸ್ತೆಯ ಮೇಲಿತ್ತು.

“ರೀ, ನಿಮ್ಮ ಕೈ...”

“ಸುಮ್ನಿರು. ಅವಳ ಗಮನ ತಪ್ಪುತ್ತೆ.”

ಎದುರಿನ ತಿರುವಿನಲ್ಲಿ ಒಂದು ಲಾರಿ ಕಾಣಿಸಿಕೊಂಡಿತು. ಅರ್ಧ ನಮ್ಮ ಕಡೆಗೇ ಬಂದಿತ್ತು. ಪುಟ್ಟಿ ಗಾಬರಿಯಾಗಲಿಲ್ಲ. ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದಳು. ಲಾರಿ ದಾಟಿದ ಕೂಡಲೇ ಮತ್ತೆ ಬಲಕ್ಕೆ ತರುತ್ತಿದ್ದಳು, ಅದು ನನಗೆ ಖಂಡಿತ ಗೊತ್ತು.

“ಬಿಡು” ಅಂದರು ಮೇಷ್ಟ್ರು.

ಅವಳು ಬಿಟ್ಟಳು. ಕಲಿಸಿಕೊಟ್ಟ ಹಾಗೆಯೇ ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡಳು.

ಅವರ ಬಲಗೈ ಸ್ಟೀರಿಂಗಿನ ಮೇಲೆ ಬಿತ್ತು. ಬಿತ್ತು ಅಷ್ಟೇ, ಹಿಡಿಯಲಿಲ್ಲ. ಬ್ಯಾಂಡೇಜು ಅದರ ಮೇಲೆ ಸರಕ್ಕನೆ ಜಾರಿತು. ಕಲಿಸುವವರಿಗೆಂದು ತಮ್ಮ ಕಡೆಯೂ ಇದ್ದ ಬ್ರೇಕನ್ನು ಅವರು ಒತ್ತಿದರು. ಲಾರಿ ದಾಟಿ ಹೋಯಿತು. ಎಡಕ್ಕೆ ತಿರುಗಿದ್ದ ಕಾರು ಮಾತ್ರ ಹಾಗೆಯೇ ಕಿರುಗುಟ್ಟುತ್ತಾ ರಸ್ತೆಯಂಚಿಗೆ ಜಾರಿತು. ಅಲ್ಲಿ ಗೋಡೆಯ ಪಕ್ಕದಲ್ಲಿ ಒಬ್ಬ ಸೈಕಲ್ ಸವಾರ ಹೋಗುತ್ತಿದ್ದ.

ಕಾರು ನಿಂತಾಗ ಸೈಕಲ್ ಗೋಡೆಗೆ ಒತ್ತಿಕೊಂಡಿತ್ತು. ಅವನ ಕಾಲು ಅದರ ಕೆಳಗಿತ್ತು, ಬಾಗಬಾರದ ಕಡೆ ಬಾಗಿತ್ತು. ಮೊದಲು ಇಳಿದು ಓಡಿದವಳು ಪುಟ್ಟಿ. ಸೈಕಲ್ಲನ್ನು ಮೆಲ್ಲಗೆ ಸರಿಸಿ, ಮೊಣಕಾಲೂರಿ ಕೂತು, ತನ್ನ ಸ್ಕಾರ್ಫ್ ಬಿಚ್ಚಿ ಅವನ ಕಾಲಿಗೆ ಕಟ್ಟತೊಡಗಿದಳು. ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ.

ಹತ್ತಿರದ ವೃತ್ತದಲ್ಲಿದ್ದ ಟ್ರಾಫಿಕ್ ಪೊಲೀಸಿನವನು ಓಡಿ ಬಂದ. ಎಲ್ ಬೋರ್ಡು ನೋಡಿದ, ಬಿದ್ದವನನ್ನು ನೋಡಿದ.

“ಯಾರು ಓಡಿಸ್ತಿದ್ದಿದ್ದು?”

ಮೇಷ್ಟ್ರು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದರು. “ಅವಳು. ನಾನು ಬರೀ ಪಕ್ಕದಲ್ಲಿ ಕೂತಿದ್ದೆ.”

ವಾರವಿಡೀ ಹೇಳಿ ಹೇಳಿ ನಾಲಿಗೆಗೆ ಅಂಟಿದ್ದ ಮಾತು ತಾನಾಗಿಯೇ ಉದುರಿತು. ಹೇಳಿದ ಮೇಲೆ ಅವರ ಮುಖ ಬಿಳಿಚಿಕೊಂಡಿತು. ಆದರೆ ಅದನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಪುಟ್ಟಿ ತಲೆ ಎತ್ತಿದಳು. “ಅಪ್ಪ, ನೀನು ಬಿಡು ಅಂದೆ. ನಾನು ಬಿಟ್ಟೆ.”

ಪೊಲೀಸಿನವನು ಅವಳ ಕಡೆ ತಿರುಗಿ, “ನಿನ್ನ ಹೆಸರೇನಮ್ಮಾ?” ಅಂದ. ಆ ಹೆಸರು ಅವನ ಕೈಗೆ ಸಿಕ್ಕರೆ ಮುಗಿಯಿತು. ನಾಳಿನ ಟೆಸ್ಟ್ ಹೋಯಿತು, ಕೆಲಸ ಹೋಯಿತು, ಒಬ್ಬನ ಕಾಲು ಮುರಿದವಳು ಎಂಬ ಮಾತು ಅವಳ ಬೆನ್ನಿಗೆ ಬಿತ್ತು.

“ತಡೀರಿ,” ಅಂದೆ ನಾನು. “ಸ್ಟೀರಿಂಗ್ ಇದ್ದಿದ್ದು ಇವರ ಕೈಲಿ.”

ಗಂಡನ ಬೆನ್ನ ಹಿಂದೆ ಕೈ ಹಾಕಿ ಆ ಕೈಯನ್ನು ಮುಂದಕ್ಕೆ ಎಳೆದೆ. ಅವರು ತಡೆಯಲಿಲ್ಲ, ಅವರ ದೃಷ್ಟಿ ಮಗಳ ಮೇಲೇ ಇತ್ತು. ಬೆಳಿಗ್ಗೆ ಎದ್ದಿದ್ದ ಬೊಬ್ಬೆ ಈಗ ತುಂಬಿಕೊಂಡಿತ್ತು. ಪೊಲೀಸಿನವನ ಕಣ್ಣೆದುರಿಗೇ ನಾನು ಅದಕ್ಕೆ ನನ್ನ ಉಗುರು ಚುಚ್ಚಿದೆ. ಅದು ಒಡೆದು ನೀರು ನನ್ನ ಬೆರಳಿಗೆ ಹರಿಯಿತು.

ಅವರು ಕೈ ಎಳೆದುಕೊಳ್ಳಲಿಲ್ಲ. ನಾನು ಚುಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ.