ಆರು ಜನರ ನಡುವೆ ಒಬ್ಬ ಪಾದ್ರಿ

ಫಿಲಿಪ್ಪೀನ್ಸಿನ ನಮ್ಮ ಇಲೊಯಿಲೊದಲ್ಲಿ ಆಸ್ಪತ್ರೆ ಸೇರುವವರ ಮಗ್ಗುಲಲ್ಲಿ ಕೂರಲು ಮನೆಯವರೊಬ್ಬರು ಬೇಕೇ ಬೇಕು. ಬಂಟಾಯ್ ಅನ್ನುತ್ತೇವೆ. ನನಗೆ ಬಂಟಾಯ್ ಆಗಬೇಕಿದ್ದವಳು ತಿಯಾ ಪಾಸಿಂಗ್, ಅಮ್ಮ ಸ್ತನ ಕ್ಯಾನ್ಸರಿನಿಂದ ಹೋದ ಮೇಲೆ ನನ್ನನ್ನು ಸಾಕಿದ ಚಿಕ್ಕಮ್ಮ. ಅಮ್ಮನ ಕೆಟ್ಟ ಜೀನ್ ನನಗೂ ಬಂದಿದೆಯೆಂದು ರಕ್ತಪರೀಕ್ಷೆಯಲ್ಲಿ ಗೊತ್ತಾಯಿತು. ರೋಗ ಬರುವ ಮೊದಲೇ ಎರಡೂ ಸ್ತನ ತೆಗೆಸಿಬಿಡುತ್ತೇನೆ ಅಂದೆ. ತಿಯಾ ಹೌಹಾರಿದಳು.

"ಚೆನ್ನಾಗಿರೋದನ್ನ ಯಾರಾದ್ರೂ ಕತ್ತರಿಸ್ತಾರೇನೇ? ನಾನಂತೂ ಆ ಆಸ್ಪತ್ರೆ ಹೊಸಿಲು ತುಳಿಯಲ್ಲ!"

ತುಳಿಯಲೂ ಇಲ್ಲ. ಅವಳಿಲ್ಲದೆ ಆ ಹಾಸಿಗೆಯ ಮೇಲೆ ಮಲಗುವ ಧೈರ್ಯ ನನಗಿರಲಿಲ್ಲ. ಆಪರೇಷನ್ನಿಗಿಂತ ನನಗೆ ಅದೇ ದೊಡ್ಡ ಹೆದರಿಕೆ.

ಆಪರೇಷನ್ನಿಗೆ ಮುಂಚಿನ ಕೊನೆಯ ಮಾತುಕತೆಯ ದಿನ ಆರು ಜನ ನನ್ನ ಸುತ್ತ ಕೂತರು. ಸ್ತನ ತೆಗೆಯುವ ಡಾಕ್ಟರು, ಹೊಸದು ಕಟ್ಟಿಕೊಡುವ ಡಾಕ್ಟರು, ಜೀನ್ ವಿಷಯ ಬಿಡಿಸಿ ಹೇಳುವವರು, ಮನಸ್ಸಿನ ಡಾಕ್ಟರು, ತೋಳಿಗೆ ವ್ಯಾಯಾಮ ಹೇಳಿಕೊಡುವವರು, ಜೊತೆಗೆ ನರ್ಸ್ ರೋಸ್‌ಫ್ಲೋರ್. ಒಬ್ಬೊಬ್ಬರ ಬಾಗಿಲಲ್ಲೂ ಅದೇ ಕಥೆ ಹೇಳಿ ಬಾಯಿ ನೋಯಿಸಿಕೊಳ್ಳುವ ಗೋಳು ತಪ್ಪಿತ್ತು. ನನಗೋ ಮದುಮಗಳ ಠೀವಿ.

ಹೊರಗೆ ನೆಲ ಒರೆಸುತ್ತಿದ್ದ ನಮ್ಮ ಬೀದಿಯ ನೆನಿತಾ ಗಾಜಿನಲ್ಲಿ ಇಣುಕಿದಳು. ನಮ್ಮೂರಲ್ಲಿ ಒಬ್ಬರ ಸುತ್ತ ಇಷ್ಟು ಡಾಕ್ಟರು ಸೇರುವುದು ಕೈಚೆಲ್ಲಿದಾಗ ಮಾತ್ರ. ತಕ್ಷಣ ತಿಯಾಗೆ ಫೋನು ಹೋಯಿತು.

ಅರ್ಧ ಗಂಟೆಗೆಲ್ಲ ಬಾಗಿಲು ದಢಾರನೆ ತೆರೆಯಿತು. ಮನೆಯ ಚಪ್ಪಲಿಯಲ್ಲೇ ತಿಯಾ! ಅವಳ ಹಿಂದೆ, ಸಾಯುವವರಿಗೆ ಹಚ್ಚುವ ಎಣ್ಣೆ ಹಿಡಿದು ಏದುಸಿರು ಬಿಡುತ್ತಿದ್ದ ಪಾದ್ರಿ.

"ಅಯ್ಯೋ ಇಂದಾಯ್, ನನ್ನ ಕೂಸೇ, ಇನ್ನೂ ಉಸಿರಿದೆಯೇನೇ?"

"ಇದೆ ತಿಯಾ. ಬಿಸ್ಕತ್ತು ತಿಂತಾ ಇದೀನಿ."

ಪಾದ್ರಿ ಎಣ್ಣೆಯನ್ನು ಜೇಬಿಗಿಳಿಸಿ ತಾವೂ ಒಂದು ಬಿಸ್ಕತ್ತು ತೆಗೆದುಕೊಂಡರು. ರೋಸ್‌ಫ್ಲೋರ್ ಕುರ್ಚಿ ಎಳೆದಳು. "ಕೂತ್ಕೊಳ್ಳಿ ತಿಯಾ. ನಿಮಗೆ ಏನು ಕೇಳ್ಬೇಕೋ ಕೇಳಿ."

ತಿಯಾ ಬಿಟ್ಟಾಳೆಯೇ? ನೋವೆಷ್ಟು, ಕೈ ಎತ್ತಲು ಆಗುತ್ತದೋ ಇಲ್ಲವೋ, ಆಮೇಲೆ ಹುಡುಗಿ ಕನ್ನಡಿ ನೋಡಿ ಅತ್ತರೆ ಯಾರು ಗತಿ? ಎಲ್ಲಕ್ಕೂ ಉತ್ತರ ಬಂತು. ಯಾರೂ ಗಡಿಯಾರ ನೋಡಲಿಲ್ಲ. ಕೊನೆಗೆ ತಿಯಾ ತಾನು ಕೂತಿದ್ದ ಕುರ್ಚಿಯನ್ನೊಮ್ಮೆ ಸವರಿದಳು.

"ನಮ್ಮಕ್ಕನಿಗೆ ಒಬ್ನೇ ಡಾಕ್ಟ್ರು. ಅವನೂ ಬಾಗಿಲಲ್ಲೇ ನಿಂತು ಹೋಗ್ಬಿಡ್ತಿದ್ದ. ನಂಗೆ ಯಾರೂ ಕೂತ್ಕೋ ಅನ್ಲಿಲ್ಲ."

ನಾನು ಬಿಸ್ಕತ್ತಿನ ತಟ್ಟೆಯನ್ನು ಅವಳ ಕಡೆ ಸರಿಸಿದೆ. ರೋಸ್‌ಫ್ಲೋರ್ ಮೆಲ್ಲಗೆ ಫಾರಂ ತೆಗೆದಳು. "ಬಂಟಾಯ್ ಯಾರು ಅಂತ ಬರೀಲಿ?"

"ಇನ್ಯಾರು? ಪಾದ್ರಿಗಳೇನು?" ತಿಯಾ ಪೆನ್ನು ಕಸಿದು ಸಹಿ ಹಾಕಿದಳು. ಆಮೇಲೆ ಜೀನಿನವರ ಮುಂದೆ ತೋಳು ಚಾಚಿದಳು. "ಅಕ್ಕನ ರಕ್ತಾನೇ ಅಲ್ವಾ ನಂದೂ? ತಗೊಳ್ಳಿ, ನೋಡಿ. ಆದ್ರೆ ನನ್ನ ಸರದಿ ಬಂದ್ರೆ ಬಂಟಾಯ್ ಇವಳೇ ಆಗ್ಬೇಕು."